ಮರ, ಕಬ್ಬಿಣ, ಕಾಂಕ್ರೀಟ್ ಒಂದೇ ಮನೆಯಲ್ಲಿ ಹೊಂದುತ್ತವೆಯೇ?

ಪ್ರಶ್ನೆ: ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗಿಲಾವು ಮಾಡದ ಕಾಂಕ್ರೀಟ್ ಗೋಡೆ, ಕಪ್ಪು ಕಬ್ಬಿಣದ ಮೆಟ್ಟಿಲು, ದೊಡ್ಡ ಗಾಜಿನ ಕಿಟಕಿ ನನಗೆ ಇಷ್ಟ. ಮನೆಯವರಿಗೆ ಮರ, ಕಲ್ಲು ಬೇಕು. ನನ್ನ ಆಯ್ಕೆ ಕೇಳಿದರೆ "ಗೋಡೌನ್ ಥರ ಕಾಣುತ್ತೆ" ಅನ್ನುತ್ತಾರೆ. ಎರಡನ್ನೂ ಬೆರೆಸಿದರೆ ಯಾವುದು ಎಷ್ಟಿರಬೇಕು? ಮೆಟ್ಟಿಲಿಗೆ ಕಬ್ಬಿಣದ ಚೌಕಟ್ಟಿನ ಮೇಲೆ ತೇಗದ ಹಲಗೆ ಹಾಕಿದರೆ ತೊಂದರೆಯಿದೆಯೇ? ಖರ್ಚು ಉಳಿಸಲು ಮರದಂತೆ ಕಾಣುವ ಟೈಲ್ಸ್, ಕಾಂಕ್ರೀಟಿನಂತೆ ಕಾಣುವ ಲ್ಯಾಮಿನೇಟ್ ಹಾಕಬಹುದೇ? ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲು ಒಳ್ಳೆಯದು?

ಉತ್ತರ: ಯಾವುದು ಎಷ್ಟಿರಬೇಕು ಎಂಬ ಲೆಕ್ಕವನ್ನು ಮೊದಲು ಬದಿಗಿಡಿ. ಒಂದು ಸಾಮಗ್ರಿ ನೂರಕ್ಕೆ 60, ಎರಡನೆಯದು 30, ಮೂರನೆಯದು 10 ಎಂಬ ಸೂತ್ರ ಎಲ್ಲೆಲ್ಲೂ ಓಡಾಡುತ್ತಿದೆ. ಗೋಡೆಯ ಬಣ್ಣ ಆರಿಸುವಾಗ ಅದು ಹೇಗೋ ನಡೆದೀತು. ಆದರೆ ಮರ, ಕಬ್ಬಿಣ, ಕಾಂಕ್ರೀಟ್, ಕಲ್ಲು, ಗಾಜು ಬರೀ ಬಣ್ಣಗಳಲ್ಲ. ಒಂದೊಂದಕ್ಕೂ ಅದರದೇ ತೂಕವಿದೆ, ಬಿಸಿಲಿಗೋ ತೇವಕ್ಕೋ ಹಿಗ್ಗಿ ಕುಗ್ಗುವ ಚಾಳಿಯಿದೆ, ಪಕ್ಕದಲ್ಲಿರುವುದರ ಜೊತೆ ಜಗಳ ತೆಗೆಯುವ ಗುಣವೂ ಇದೆ. ಈ ಸೂತ್ರವನ್ನು ಅಕ್ಷರಶಃ ಪಾಲಿಸಿಯೂ ಎರಡನೇ ವರ್ಷಕ್ಕೆ ಹಲಗೆ ಸೀಳಿ, ಕಲೆ ಹಿಡಿದು, ಮೆಟ್ಟಿಲು ಕಿರುಗುಟ್ಟುವ ಮನೆಗಳಿವೆ. ಬೆರಕೆ ಗೆಲ್ಲುವುದೂ ಸೋಲುವುದೂ ಎರಡು ಸಾಮಗ್ರಿ ಕೂಡುವ ಅಂಚಿನಲ್ಲಿ. ಅದಕ್ಕೇ ಈ ಉತ್ತರದಲ್ಲಿ ಅಲಂಕಾರದ ಮಾತಿಗಿಂತ ಅಂಚುಗಳ ಮಾತೇ ಹೆಚ್ಚು.

ಹಾಗಂತ ಆಯ್ಕೆಗೆ ದಾರಿಯೇ ಇಲ್ಲವೆಂದಲ್ಲ. ನಾನು ಹಿಡಿಯುವ ದಾರಿ ಸರಳ. ಭಾರ ಹೊರುವ, ದೂರ ಚಾಚುವ, ನೀರು ತಡೆಯುವ ಕೆಲಸ ಕಾರ್ಖಾನೆಯ ಸಾಮಗ್ರಿಗೆ. ಕೈ, ಬರಿಗಾಲು, ಬೆನ್ನು ತಾಗುವ ಜಾಗ ನಿಸರ್ಗದ ಸಾಮಗ್ರಿಗೆ. ಫಿನ್ಲೆಂಡಿನಲ್ಲಿ 1939ರಲ್ಲಿ ಮುಗಿದ ವಿಲ್ಲಾ ಮೈರೆಯಾ ಎಂಬ ಮನೆಯಿದೆ, ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ ಅವರದು. ಅದರ ಕೂರುವ ಕೋಣೆಯಲ್ಲಿ ಚಾವಣಿ ಹೊತ್ತು ನಿಂತಿರುವುದು ಕಪ್ಪು ಬಳಿದ ತೆಳ್ಳನೆಯ ಉಕ್ಕಿನ ಕಂಬಗಳು. ಆ ಕಂಬಗಳಿಗೆ ಬೆತ್ತ ಸುತ್ತಿದ್ದಾರೆ. ಕೆಲವಕ್ಕೆ ಮರದ ಪಟ್ಟಿ ಕಟ್ಟಿದ್ದಾರೆ. ಉಕ್ಕನ್ನು ನಾಚಿಕೆಪಟ್ಟು ಮುಚ್ಚಿಲ್ಲ, ಬೆತ್ತ ಮುಗಿದಲ್ಲಿ ಅದು ಹಾಗೇ ಕಾಣುತ್ತದೆ. ಹಾದುಹೋಗುವವರ ಕೈ ಸಹಜವಾಗಿ ಕಂಬದ ಮೇಲೆ ಬೀಳುತ್ತದಲ್ಲ, ಅಲ್ಲಿ ಬೆತ್ತ ಸಿಗುತ್ತದೆ. ಇಡೀ ಕೋಣೆಯಲ್ಲಿ ಬೆತ್ತ ಎಷ್ಟು ಶೇಕಡಾ ಎಂದು ಲೆಕ್ಕ ಹಾಕಿದರೆ ನಗಣ್ಯ. ಆದರೂ ಕೋಣೆ ಬೆಚ್ಚಗೆನಿಸುವುದರಲ್ಲಿ ಅದರ ಪಾಲು ದೊಡ್ಡದು.

ನಿಮ್ಮ ಮನೆಯವರ "ಗೋಡೌನ್" ಮಾತಿಗೆ ಇನ್ನೊಂದು ಮನೆ ತೋರಿಸಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1949ರಲ್ಲಿ ತಮಗಾಗಿ ಕಟ್ಟಿಕೊಂಡ ಮನೆಯದು. ಅದರ ಉಕ್ಕಿನ ಚೌಕಟ್ಟು, ಕಿಟಕಿಗಳೆಲ್ಲ ಕಾರ್ಖಾನೆಯಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಭಾಗಗಳು. ಅಕ್ಷರಶಃ ಗೋದಾಮಿಗೆ ಹಾಕುವಂಥವೇ. ಒಳಗೆ ಮಾತ್ರ ಎತ್ತರದ ಗೋಡೆಯೊಂದಕ್ಕೆ ಮರದ ಹಲಗೆ, ನೆಲಕ್ಕೆ ಚಾಪೆ, ತುಂಬ ಗಿಡ, ಪುಸ್ತಕ, ಬಟ್ಟೆ. ಆ ಮನೆಯ ಒಳಾಂಗಣದ ಚಿತ್ರ ನೋಡಿದವರು ಅದನ್ನು ಗೋದಾಮು ಎನ್ನುವುದು ಕಷ್ಟ.

ಲೋಹ ಮುಟ್ಟಿದರೆ ತಣ್ಣಗೆನಿಸುವುದಕ್ಕೆ ಕಾರಣ ಅದು ನಿಜಕ್ಕೂ ತಣ್ಣಗಿರುವುದಲ್ಲ. ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದ ಉಕ್ಕು ಮತ್ತು ಮರ ಎರಡೂ ಒಂದೇ ಉಷ್ಣಾಂಶದಲ್ಲಿರುತ್ತವೆ. ಉಕ್ಕು ಮರಕ್ಕಿಂತ ಸುಮಾರು 300 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಬಿಸಿಲಿನಲ್ಲಿದ್ದರೆ ತನ್ನ ಶಾಖವನ್ನು ಅಷ್ಟೇ ಬೇಗ ಕೈಗೆ ದಾಟಿಸುತ್ತದೆ. ಮೆಟ್ಟಿಲಿನ ಕಟಕಟೆಯ ಸರಳುಗಳು ಕಬ್ಬಿಣದ್ದಾಗಲಿ, ಕೈ ಜಾರುವ ಮೇಲಿನ ಪಟ್ಟಿ ಮಾತ್ರ ಮರದ್ದಾಗಲಿ ಎನ್ನುವುದು ಇದಕ್ಕೇ. ಕಪಾಟಿನ ಹಿಡಿ, ಕುರ್ಚಿಯ ತೋಳು, ಊಟದ ಮೇಜಿನ ಅಂಚು, ಹಾಸಿಗೆಯ ಪಕ್ಕದಲ್ಲಿ ಬೆಳಗ್ಗೆ ಕಾಲಿಡುವ ನೆಲ, ಇವೂ ಅದೇ ಸಾಲಿನವು. ಕಾಂಕ್ರೀಟ್ ಮತ್ತು ಕಲ್ಲು ಈ ವಿಷಯದಲ್ಲಿ ಉಕ್ಕಿಗೂ ಮರಕ್ಕೂ ನಡುವೆ ಬರುತ್ತವೆ: ಸೆಕೆಯ ಹವೆಯಲ್ಲಿ ಕಾಲಿಗೆ ಹಿತ, ಚಳಿಯಲ್ಲಿ ಕಿರಿಕಿರಿ. ನಿಮ್ಮದು ಯಾವ ಹವೆ ಎಂಬುದನ್ನು ನೋಡಿ ನೆಲ ನಿರ್ಧರಿಸಿ, ಚಿತ್ರ ನೋಡಿ ಅಲ್ಲ.

ಈಗ ಮೆಟ್ಟಿಲು. ನಿಮ್ಮ ಪ್ರಶ್ನೆಯ ತಿರುಳು ಇದೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಬ್ಬಿಣದ ಚೌಕಟ್ಟಿನ ಮೇಲೆ ತೇಗದ ಹಲಗೆ ಖಂಡಿತ ಹಾಕಬಹುದು, ಒಳ್ಳೆಯ ಜೋಡಿ. ತೊಂದರೆ ಏನೆಂದರೆ ಎರಡೂ ಬೇರೆ ಬೇರೆ ಕಾರಣಕ್ಕೆ ಅಲುಗಾಡುತ್ತವೆ. ಉಕ್ಕು ಬಿಸಿಗೆ ಹಿಗ್ಗುತ್ತದೆ, ಅದೂ ಅತ್ಯಲ್ಪ: ಒಂದು ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅರ್ಧ ಮಿಲಿಮೀಟರ್‌ಗೂ ಕಡಿಮೆ. ಮರಕ್ಕೆ ಬಿಸಿ ದೊಡ್ಡ ವಿಷಯವೇ ಅಲ್ಲ, ಅದು ಸ್ಪಂದಿಸುವುದು ಗಾಳಿಯ ತೇವಕ್ಕೆ. ಉದ್ದಕ್ಕೆ, ಅಂದರೆ ನಾರು ಹರಿದ ದಿಕ್ಕಿಗೆ, ಮರ ಬಹುತೇಕ ಅಲುಗುವುದಿಲ್ಲ. ಅಡ್ಡಕ್ಕೆ ಅಲುಗುತ್ತದೆ. ತೇಗ ಈ ವಿಷಯದಲ್ಲಿ ಸಭ್ಯ ಮರ. ಆದರೂ ಒಂದು ಮೀಟರ್ ಅಗಲದ ಮೇಜಿನ ಹಲಗೆ, ಮರವನ್ನು ಯಾವ ದಿಕ್ಕಿಗೆ ಸೀಳಿದ್ದಾರೆ ಎಂಬುದರ ಮೇಲೆ, ಒಣ ಕಾಲಕ್ಕೂ ತೇವದ ಕಾಲಕ್ಕೂ 3ರಿಂದ 8 ಮಿಲಿಮೀಟರ್ ವ್ಯತ್ಯಾಸ ತೋರಿಸಬಲ್ಲದು. 28 ಸೆಂಟಿಮೀಟರ್ ಅಗಲದ ಮೆಟ್ಟಿಲ ಹಲಗೆಯಲ್ಲಿ ಅದು ಒಂದೆರಡು ಮಿಲಿಮೀಟರ್. ಕೇಳಲು ಚಿಕ್ಕದು. ಆದರೆ ಆ ಎರಡು ಮಿಲಿಮೀಟರನ್ನು ನಾಲ್ಕು ಮೂಲೆಗೂ ಬಿಗಿಯಾಗಿ ಸ್ಕ್ರೂ ಹಾಕಿ ತಡೆಯಲು ಹೋದರೆ ಹಲಗೆ ಸೀಳುತ್ತದೆ ಇಲ್ಲವೇ ಬಾಗುತ್ತದೆ. ಸ್ಕ್ರೂ ಜೊತೆಗೆ ಗಟ್ಟಿ ಅಂಟನ್ನೂ ಬಳಿದಿದ್ದರೆ ಸೀಳುವುದು ಇನ್ನೂ ಖಚಿತ.

ಪರಿಹಾರ ಕಬ್ಬಿಣದಲ್ಲಿದೆ, ಮರದಲ್ಲಲ್ಲ. ಹಲಗೆಯ ಕೆಳಗೆ ಬರುವ ಕಬ್ಬಿಣದ ಪಟ್ಟಿಯಲ್ಲಿ ಮುಂದಿನ ಸಾಲಿನ ತೂತುಗಳು ಗುಂಡಗಿರಲಿ, ಹಿಂದಿನ ಸಾಲಿನವು ಉದ್ದನೆಯ ಸ್ಲಾಟ್ ಆಗಿರಲಿ. ಸ್ಲಾಟಿನ ಉದ್ದ ಹಲಗೆಯ ಅಗಲದ ದಿಕ್ಕಿಗೇ ಇರಬೇಕು. ಸ್ಕ್ರೂ ಕೆಳಗಿನಿಂದ, ಅಗಲ ವಾಷರ್ ಹಾಕಿ. ಮುಂದಿನ ಸಾಲನ್ನು ಬಿಗಿ ಮಾಡಿ, ಹಿಂದಿನ ಸಾಲನ್ನು ಹಿಡಿದು ನಿಲ್ಲುವಷ್ಟು ಮಾತ್ರ ತಿರುಗಿಸಿ. ಆಗ ಹೆಜ್ಜೆ ಬೀಳುವ ಮೂಗಿನ ಅಂಚು ಯಾವ ಕಾಲದಲ್ಲೂ ಸಾಲು ತಪ್ಪದೆ ನಿಲ್ಲುತ್ತದೆ, ಹಿಗ್ಗುವುದೆಲ್ಲ ಹಿಂದಕ್ಕೆ ಹೋಗುತ್ತದೆ. ಕಬ್ಬಿಣದ ಕೆಲಸ ಮಾಡುವ ಫ್ಯಾಬ್ರಿಕೇಟರ್ ಗುಂಡು ತೂತಿನ ಅಭ್ಯಾಸದವರು. ಸ್ಲಾಟ್ ಬೇಕೆಂದು ಬಾಯಲ್ಲಿ ಹೇಳಿದರೆ ಸಾಲದು, ಚಿತ್ರ ಬರೆದು ಕೊಡಿ. ಹಲಗೆಯನ್ನು ಗೋಡೆಗೆ ಒತ್ತಿಸದೆ 6ರಿಂದ 10 ಮಿಲಿಮೀಟರ್ ಸಂದು ಬಿಡಿಸಿ. ಆ ಸಂದಿನ ನೆರಳು ಕಣ್ಣಿಗೂ ಚೆಂದ, ಗೋಡೆಯ ಅಂಕುಡೊಂಕನ್ನೂ ಮುಚ್ಚುತ್ತದೆ. ಹಲಗೆಗೂ ಕಬ್ಬಿಣಕ್ಕೂ ನಡುವೆ ಎರಡು ಮೂರು ಮಿಲಿಮೀಟರ್ ದಪ್ಪದ ರಬ್ಬರ್ ಪಟ್ಟಿ ಹಾಕಿದರೆ ಕಿರುಗುಟ್ಟುವ ಸದ್ದೂ ಇಲ್ಲ, ಮರ ನೇರವಾಗಿ ಕಬ್ಬಿಣಕ್ಕೆ ತಾಗುವುದೂ ಇಲ್ಲ.

ಈ ಎರಡನೆಯದು ಯಾಕೆ ಮುಖ್ಯ? ತೇಗ, ಓಕ್‌ನಂಥ ಮರಗಳಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶವಿದೆ, ಓಕ್‌ನಲ್ಲಂತೂ ಧಾರಾಳವಾಗಿ. ಅದಕ್ಕೆ ಕಬ್ಬಿಣ, ನೀರು ಎರಡೂ ಸೇರಿದರೆ ನೀಲಿಗಪ್ಪು ಕಲೆ ಹುಟ್ಟುತ್ತದೆ. ಹಿಂದಿನ ಕಾಲದಲ್ಲಿ ಶಾಯಿ ಮಾಡುತ್ತಿದ್ದುದೂ ಇದೇ ರಾಸಾಯನಿಕ ಕ್ರಿಯೆಯಿಂದ, ಹಾಗಾಗಿ ಒರೆಸಿದರೆ ಹೋಗುತ್ತದೆಂದು ನಿರೀಕ್ಷಿಸಬೇಡಿ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ, ಸಾಧಾರಣ ಕಬ್ಬಿಣದ ಮೊಳೆ ಬೇಡ. ಹಲಗೆಯ ಕೆಳಮೈ, ತುದಿಗಳಿಗೂ ಪಾಲಿಶ್ ಆಗಬೇಕು; ಕಾಣುವ ಮೇಲ್ಮೈಗಷ್ಟೇ ಬಳಿದು ಮುಗಿಸುವುದು ಬಡಗಿಗಳ ಸಾಮಾನ್ಯ ಚಾಳಿ. ಆಗ ಒಂದು ಬದಿ ತೇವ ಕುಡಿಯುತ್ತದೆ, ಇನ್ನೊಂದು ಬದಿ ಕುಡಿಯುವುದಿಲ್ಲ, ಹಲಗೆ ದೋಣಿಯಾಗುತ್ತದೆ. ಕಲೆ ಬಂದೇ ಬಿಟ್ಟರೆ ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ತೆಗೆಯಲು ಸಾಧ್ಯ. ಅದು ವಿಷ, ಕೈಗವಸು ಹಾಕಿ ಬಳಸಿ ಚೆನ್ನಾಗಿ ನೀರಿನಲ್ಲಿ ತೊಳೆಯಬೇಕು, ಒಣಗಿದ ಮೇಲೆ ಉಜ್ಜುವಾಗ ಆ ಪುಡಿ ಮೂಗಿಗೆ ಹೋಗಬಾರದು.

ಇದಕ್ಕಿಂತ ಕಣ್ಣಿಗೆ ಕಾಣದ ಇನ್ನೊಂದು ಕಾಟವಿದೆ. ಹಲಗೆ ಕೂರಿಸಿದ ಮೇಲೆ ಪಕ್ಕದಲ್ಲೇ ಯಾರಾದರೂ ಗ್ರೈಂಡರ್ ಓಡಿಸಿದರೆ ಕಿಡಿಯ ಜೊತೆ ಕಬ್ಬಿಣದ ಪುಡಿ ಹಾರಿ ಮರದ ಸಂದುಗಳಲ್ಲಿ ಕೂರುತ್ತದೆ. ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ. ನೀರು ಬೆರೆತ ಪಾಲಿಶ್ ಬಳಿದ ಮರುದಿನ, ಅಥವಾ ಮೊದಲ ಸಲ ನೆಲ ಒರೆಸಿದಾಗ, ಹಲಗೆ ತುಂಬ ಸಾಸಿವೆ ಗಾತ್ರದ ಕಪ್ಪು ಚುಕ್ಕೆ. ಮರದ ಮೇಲೆ ಸ್ಟೀಲ್ ವುಲ್ ಹಾಕಿ ಉಜ್ಜಿದರೂ ಇದೇ ಗತಿ. ಅದರ ಬದಲು ನೈಲಾನ್ ಪ್ಯಾಡ್ ಬಳಸಲು ಹೇಳಿ. ಕಬ್ಬಿಣದ ಕೆಲಸ ಪೂರ್ತಿ ಮುಗಿದು, ಬಣ್ಣ ಒಣಗಿ, ಜಾಗ ಗುಡಿಸಿದ ಮೇಲೆಯೇ ಮರ ಮನೆಯೊಳಗೆ ಬರಬೇಕು. ಬಂದ ಮರ ಕೂಡಲೇ ಕೂರಬಾರದು. ಒಂದೆರಡು ವಾರ ಅದೇ ಮನೆಯ ಗಾಳಿಯಲ್ಲಿ, ಹಲಗೆ ಹಲಗೆಗೂ ನಡುವೆ ತುಂಡು ಕೊಟ್ಟು, ಮಲಗಿರಲಿ.

ಮರ ಕಾಂಕ್ರೀಟಿಗೆ ತಾಗುವ ಕಡೆ ಶತ್ರು ಒಂದೇ, ತೇವ. ಕಾಂಕ್ರೀಟಿನ ಬಲವನ್ನು 28 ದಿನಕ್ಕೆ ಅಳೆಯುತ್ತಾರೆಂದು ಅದು ಅಷ್ಟರಲ್ಲಿ ಒಣಗಿದೆ ಎಂದು ಬಹಳ ಜನ ಭಾವಿಸುತ್ತಾರೆ. ಬಲ ಬರುವುದು ಬೇರೆ, ಒಣಗುವುದು ಬೇರೆ. ಒಳ್ಳೆಯ ಗಾಳಿಯಾಡುವ ಜಾಗದಲ್ಲೂ 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎಂಬುದು ರೂಢಿಯ ಲೆಕ್ಕ. 100 ಮಿಲಿಮೀಟರ್ ನೆಲಕ್ಕೆ ನಾಲ್ಕು ತಿಂಗಳು. ಆ ಮೊದಲೇ ಮರದ ನೆಲ ಹಾಸಿದರೆ ಹಲಗೆಗಳು ಅಂಚಿನಲ್ಲಿ ಎದ್ದು ನಿಲ್ಲುತ್ತವೆ. ಸರಳ ಪರೀಕ್ಷೆ ಬೇಕಿದ್ದರೆ ಅರ್ಧ ಮೀಟರ್ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಒಂದು ದಿನ ಬಿಟ್ಟು ಎತ್ತಿ ನೋಡಿ. ಕೆಳಗೆ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹನಿ ಇಲ್ಲವೆಂದರೆ ಪೂರ್ತಿ ಒಣಗಿದೆ ಎಂಬ ಖಾತರಿ ಮಾತ್ರ ಇದರಿಂದ ಸಿಗುವುದಿಲ್ಲ. ದುಬಾರಿ ಮರ ಹಾಸುವುದಿದ್ದರೆ ನೆಲದೊಳಗಿನ ತೇವ ಅಳೆಯುವ ಮೀಟರ್ ಇರುವವರನ್ನು ಕರೆಸಿ.

ಮರದ ಕಂಬವಿದ್ದರೆ ಅದರ ಬುಡ ನೆಲಕ್ಕೆ ತಾಗಲೇ ಬಾರದು. ಕಡಿದ ತುದಿಯಲ್ಲಿ ಮರದ ನಾಳಗಳೆಲ್ಲ ಬಾಯಿ ತೆರೆದಿರುತ್ತವೆ, ದೀಪದ ಬತ್ತಿ ಎಣ್ಣೆ ಏರಿಸಿಕೊಂಡಂತೆ ನೆಲದ ನೀರನ್ನು ಮೇಲಕ್ಕೆ ಏರಿಸಿಕೊಳ್ಳುತ್ತವೆ. ಉಕ್ಕಿನ ಪಾದ ಮಾಡಿಸಿ ಕಂಬವನ್ನು ನೆಲದಿಂದ ಮೂರು ನಾಲ್ಕು ಸೆಂಟಿಮೀಟರ್ ಎತ್ತಿ ನಿಲ್ಲಿಸಿ. ಮಳೆ ಬಡಿಯುವ ಜಾಗವಾದರೆ ಇನ್ನಷ್ಟು ಎತ್ತರ ಬೇಕು. ಎರಡು ಲೋಕದ ಸಾಮಗ್ರಿ ಒಂದಕ್ಕೊಂದು ಒದಗುವುದು ಅಂದರೆ ನನ್ನ ಮಟ್ಟಿಗೆ ಇದು: ಉಕ್ಕು ಇಲ್ಲದಿದ್ದರೆ ಮರ ಕೊಳೆಯುತ್ತಿತ್ತು, ಮರ ಇಲ್ಲದಿದ್ದರೆ ಆ ಉಕ್ಕನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಗಿಲಾವು ಮಾಡದ ಕಾಂಕ್ರೀಟ್ ಗೋಡೆಯ ಬಗ್ಗೆ ನಿಮಗೊಂದು ಎಚ್ಚರಿಕೆ. ಗಿಲಾವು ಬಿಟ್ಟರೆ ಖರ್ಚು ಉಳಿಯುತ್ತದೆ ಎಂಬ ಲೆಕ್ಕದಲ್ಲಿ ಇದನ್ನು ಆರಿಸಿದ್ದರೆ ಈಗಲೇ ಕೈಬಿಡಿ. ಸಾಧಾರಣ ಗೋಡೆಯಲ್ಲಿ ಎಲ್ಲ ತಪ್ಪನ್ನೂ ಗಿಲಾವು ನುಂಗುತ್ತದೆ. ಇಲ್ಲಿ ಸೆಂಟ್ರಿಂಗ್ ಹಲಗೆಯ ಪ್ರತಿ ಸಂದು, ಪ್ರತಿ ಮೊಳೆಯ ಗುರುತು ಶಾಶ್ವತ. ಸ್ವಿಚ್ ಬೋರ್ಡ್, ಪೈಪು ಎಲ್ಲಿ ಎಂಬುದು ಕಾಂಕ್ರೀಟ್ ಸುರಿಯುವ ಮೊದಲೇ ಇತ್ಯರ್ಥವಾಗಿರಬೇಕು, ಆಮೇಲೆ ಗೋಡೆ ಕೊರೆದು ತೇಪೆ ಹಾಕಿದರೆ ಆ ತೇಪೆ ಯಾವತ್ತೂ ಕಾಣುತ್ತದೆ. ಜಪಾನಿನ ವಾಸ್ತುಶಿಲ್ಪಿ ತಡಾವೊ ಆಂಡೊ ಅವರ ಕಾಂಕ್ರೀಟ್ ಗೋಡೆಗಳು ರೇಷ್ಮೆಯಷ್ಟು ನುಣುಪಾಗಿ ಬರುವುದಕ್ಕೆ ಕಾರಣ ಕಾಂಕ್ರೀಟಿಗಿಂತ ಅದನ್ನು ಎರಕ ಹೊಯ್ಯುವ ಹಲಗೆಯ ಅಚ್ಚುಕಟ್ಟು. ಅಷ್ಟು ಪಳಗಿದ ಕೈ ಸಿಗದಿದ್ದರೆ ನುಣುಪಿನ ಹಿಂದೆ ಬೀಳಬೇಡಿ. ಒರಟು ಮರದ ಹಲಗೆಗಳನ್ನೇ ಸೆಂಟ್ರಿಂಗಿಗೆ ಬಳಸಿ, ಮರದ ನಾರಿನ ಅಚ್ಚು ಕಾಂಕ್ರೀಟಿನ ಮೇಲೆ ಮೂಡಲಿ. ಸಣ್ಣಪುಟ್ಟ ಲೋಪ ಅದರಲ್ಲಿ ಕರಗಿಹೋಗುತ್ತದೆ, ಮರದ ಪಕ್ಕದಲ್ಲಿ ಅಂಥ ಗೋಡೆ ಹೊಂದಿಕೊಂಡೂ ಕೂರುತ್ತದೆ. ಇನ್ನೊಂದು: ಒಳಗಿನ ಕಬ್ಬಿಣದ ಕಂಬಿಗೂ ಗೋಡೆಯ ಮೈಗೂ ಎಂಜಿನಿಯರ್ ಹೇಳಿದಷ್ಟು ಅಂತರ ಇರಲೇಬೇಕು, ಆ ಅಂತರ ಕಾಯುವ ಕವರ್ ಬ್ಲಾಕ್ ಎಂಬ ಸಣ್ಣ ತುಂಡುಗಳನ್ನು ಕಟ್ಟಿದ್ದಾರೋ ಇಲ್ಲವೋ ನೀವೇ ನೋಡಿ. ಕಂಬಿ ತುಕ್ಕು ಹಿಡಿದರೆ ತುಕ್ಕು ಮೂಲ ಉಕ್ಕಿನ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ.

ಮನೆಯವರ ದೂರಿಗೆ ಮತ್ತೆ ಬರುತ್ತೇನೆ, ಅದರಲ್ಲಿ ಸತ್ಯವಿದೆ. ಗೋದಾಮಿನ ಭಾವ ಬರುವುದು ಬಹುಪಾಲು ಕಿವಿಯಿಂದ. ನುಣುಪಾದ ಕಾಂಕ್ರೀಟ್, ಕಲ್ಲು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತವೆ. ಗಾಜೂ ಮಾತಿನ ಸ್ವರಗಳ ಮಟ್ಟಿಗೆ ಹೆಚ್ಚು ಕಡಿಮೆ ಹಾಗೆಯೇ. ಇಬ್ಬರು ಮಾತಾಡಿದರೆ ನಾಲ್ವರ ಗದ್ದಲ. ಇದಕ್ಕೆ ಮರ ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಗೋಡೆಗೆ ನೇರ ಅಂಟಿಸಿದ ನುಣುಪು ಹಲಗೆ ಸದ್ದಿನ ಮಟ್ಟಿಗೆ ಕಾಂಕ್ರೀಟಿಗಿಂತ ಹೇಳಿಕೊಳ್ಳುವಷ್ಟು ಉತ್ತಮವೇನಲ್ಲ. ಕೆಲಸ ಮಾಡುವುದು ಮೆತ್ತನೆಯವು, ತೂತಿರುವವು: ದಪ್ಪ ಪರದೆ, ಉಣ್ಣೆಯ ನೆಲಹಾಸು, ಬಟ್ಟೆ ಹೊದಿಸಿದ ಸೋಫಾ. ಪುಸ್ತಕ ತುಂಬಿದ ಕಪಾಟು ಸದ್ದನ್ನು ಚದುರಿಸುತ್ತದೆ. ಮರವೇ ಬೇಕೆಂದರೆ ಸಣ್ಣ ಪಟ್ಟಿಗಳನ್ನು ಸಂದು ಬಿಟ್ಟು ಹೊಡೆದು ಹಿಂದೆ ಉಣ್ಣೆಯ ಹಾಸನ್ನೋ ಖನಿಜ ನಾರಿನ ಹಾಸನ್ನೋ ಕೊಡಿ. ಚಾವಣಿಯ ಒಂದು ಭಾಗಕ್ಕೆ ಇದನ್ನು ಮಾಡಿಸಿದರೂ ಕೋಣೆಯ ಸ್ವಭಾವ ಬದಲಾಗುತ್ತದೆ. ಪೈಪು, ಗಾಳಿಯ ಕೊಳವೆಗಳನ್ನು ಬೇಕೆಂದೇ ತೆರೆದಿಟ್ಟು ಕಾರ್ಖಾನೆಯ ಚೆಲುವು ತರುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಧೂಳು ಒರೆಸುವವರು ಯಾರೆಂದು ಮೊದಲು ನಿರ್ಧಾರವಾಗಲಿ.

ಕಣ್ಣಿನ ಪಾಲು ಬೆಳಕಿನದು. ದೀಪದ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ, ಅಂಕ ಕಡಿಮೆಯಾದಷ್ಟೂ ಬೆಳಕು ಹಳದಿ. 6500 ಕೆಲ್ವಿನ್‌ನ ಬಿಳಿ ದೀಪದ ಕೆಳಗೆ ಕಾಂಕ್ರೀಟ್ ನೀಲಿ ಹೊಡೆಯುತ್ತದೆ, ತೇಗ ಕೂಡ ಸತ್ತಂತೆ ಕಾಣುತ್ತದೆ. 2700ರಿಂದ 3000 ಕೆಲ್ವಿನ್, ಬಣ್ಣ ಸರಿಯಾಗಿ ತೋರಿಸುವ ಸಿಆರ್‌ಐ ಅಂಕ 90ಕ್ಕೆ ಕಡಿಮೆಯಿಲ್ಲದ ಎಲ್‌ಇಡಿ ಕೊಳ್ಳಿ. ದೀಪ ಗೋಡೆಯ ಮೈ ಸವರಿ ಕೆಳಗೆ ಬೀಳುವಂತಿದ್ದರೆ ಹಲಗೆಯಚ್ಚು, ಕಲ್ಲಿನ ಒರಟು ಎದ್ದು ಕಾಣುತ್ತವೆ. ನುಣುಪು ಗಿಲಾವಿನ ಗೋಡೆಗೆ ಅದೇ ದೀಪ ಹಾಕಿದರೆ ಮೇಸ್ತ್ರಿಯ ತಪ್ಪುಗಳೂ ಎದ್ದು ಕಾಣುತ್ತವೆ.

ದೊಡ್ಡ ಗಾಜಿನ ಬಗ್ಗೆ ನನಗೆ ನಿಮ್ಮಷ್ಟು ಉತ್ಸಾಹವಿಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1951ರಲ್ಲಿ ಮುಗಿದ ಫಾರ್ನ್ಸ್‌ವರ್ತ್ ಮನೆ ಬಿಳಿ ಉಕ್ಕು, ಗಾಜು, ಟ್ರಾವರ್ಟೀನ್ ಕಲ್ಲಿನ ನೆಲ, ನಡುವೆ ಮರ ಹೊದಿಸಿದ ಒಂದು ಭಾಗ, ಇಷ್ಟರಲ್ಲೇ ಮುಗಿಯುವ ಮನೆ. ಬೆರಕೆಯ ಹದಕ್ಕೆ ಅದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ. ಆದರೆ ಒಂಟಿ ಗಾಜು, ನೇರ ಉಕ್ಕಿನ ಚೌಕಟ್ಟು. ಬೇಸಿಗೆಯಲ್ಲಿ ಒಳಗೆ ಬೇಯುತ್ತಿತ್ತು, ಚಳಿಗಾಲದಲ್ಲಿ ಗಾಜಿನ ಒಳಮೈಯಲ್ಲಿ ನೀರಿಳಿಯುತ್ತಿತ್ತು. ಚಳಿ ಹೆಚ್ಚಿರುವ ಕಡೆ ಎರಡು ಪದರದ ಗಾಜು, ಒಳಗೂ ಹೊರಗೂ ಲೋಹ ನೇರ ಸೇರದಂತೆ ನಡುವೆ ನೈಲಾನ್ ತಡೆಯಿರುವ ಚೌಕಟ್ಟು ಬೇಕು. ಬಿಸಿಲು ಹೆಚ್ಚಿರುವ ಕಡೆ ಗಾಜಿಗೆ ಮೊದಲು ಹೊರಗಿನಿಂದ ನೆರಳು ಬೇಕು, ಪರದೆ ಆಮೇಲಿನ ಮಾತು. ಇಲ್ಲದಿದ್ದರೆ ಗಾಜಿನ ಬುಡದಲ್ಲಿರುವ ಮರದ ಪಟ್ಟಿಯೇ ಮೊದಲು ಕೆಡುತ್ತದೆ, ಒಂದು ಕಡೆ ತೇವಕ್ಕೆ, ಇನ್ನೊಂದು ಕಡೆ ಬಿಸಿಲಿಗೆ.

ಅಲ್ಯೂಮಿನಿಯಂ ಚೌಕಟ್ಟಿಗೆ ಹಸಿ ಸಿಮೆಂಟ್ ತಾಗಿದರೆ ಅದರ ಕ್ಷಾರಕ್ಕೆ ಮೈ ಸುಟ್ಟು ಕಲೆಯಾಗುತ್ತದೆ. ಗಾರೆ ಕೆಲಸ ಮುಗಿಯುವವರೆಗೆ ಟೇಪ್ ಬಿಚ್ಚಬೇಡಿ. ತುಕ್ಕಿನ ಬಣ್ಣದ ಕಾರ್ಟೆನ್ ಉಕ್ಕು ಹೊರಗೋಡೆಗೆ ಈಗ ಜನಪ್ರಿಯ. ಅದು ನೆನೆದು ಒಣಗಿ, ನೆನೆದು ಒಣಗಿ ತನ್ನದೇ ಗಟ್ಟಿ ಪದರ ಕಟ್ಟಿಕೊಳ್ಳುವ ಉಕ್ಕು. ಸದಾ ಒದ್ದೆಯಿರುವ ಜಾಗದಲ್ಲಿ ಆ ಪದರ ಕಟ್ಟುವುದೇ ಇಲ್ಲ. ಮೊದಮೊದಲು ಅದರಿಂದ ಇಳಿಯುವ ಕಂದು ನೀರು ಕೆಳಗಿನ ತಿಳಿ ಬಣ್ಣದ ಕಲ್ಲನ್ನು ಹಾಳು ಮಾಡುತ್ತದೆ, ಬುಡದಲ್ಲಿ ಜಲ್ಲಿಯ ಪಟ್ಟಿ ಬಿಡಿ.

ಭಾರ ಹೊರುವ ಉಕ್ಕನ್ನು ತೆರೆದೇ ಇಡುವುದಿದ್ದರೆ ಬೆಂಕಿಯ ವಿಷಯ ಎಂಜಿನಿಯರನ್ನು ಕೇಳಲೇಬೇಕು. ಉಕ್ಕು ಉರಿಯುವುದಿಲ್ಲ ನಿಜ. 550ರಿಂದ 600 ಡಿಗ್ರಿ ಹೊತ್ತಿಗೆ ಅದರ ಬಲ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ದಪ್ಪ ಮರದ ತೊಲೆ ಉರಿಯುತ್ತದೆ, ಆದರೆ ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರ್‌ಗಿಂತ ಕಡಿಮೆ. ಹೊರಗಿನ ಇದ್ದಿಲು ಒಳಗಿನ ತಿರುಳನ್ನು ಕಾಯುತ್ತದೆ. ಬೆಂಕಿ ತಾಗಿದಾಗ ಉಬ್ಬಿ ಕವಚವಾಗುವ ಪೇಂಟ್ ಉಕ್ಕಿಗೆ ಸಿಗುತ್ತದೆ, ಕಪ್ಪು ಬಣ್ಣದಲ್ಲೂ ಮುಗಿಸಬಹುದು.

ಮರದಂತೆ ಕಾಣುವ ಟೈಲ್ಸ್ ವಿಷಯ. ಒದ್ದೆಯಾಗುವ ನೆಲಕ್ಕೆ ಅದು ಬಾಳಿಕೆಯ ಸಾಮಗ್ರಿ, ಬೈಯಲು ಕಾರಣವಿಲ್ಲ. ಆದರೆ ನಿಜವಾದ ಮರದ ಪಕ್ಕದಲ್ಲೇ ಅದನ್ನು ಇಟ್ಟರೆ ಎರಡಕ್ಕೂ ಅವಮಾನ. ಒಂದೇ ಗಂಟಿನ ಚಿತ್ರ ಕೆಲವು ಟೈಲ್‌ಗೊಮ್ಮೆ ಮರುಕಳಿಸುವುದು ಕಣ್ಣಿಗೆ ಒಮ್ಮೆ ಬಿತ್ತೆಂದರೆ ಮತ್ತೆ ಮರೆಯಾಗುವುದಿಲ್ಲ. ಬರಿಗಾಲು ಇನ್ನೂ ಬೇಗ ಕಂಡುಹಿಡಿಯುತ್ತದೆ. ದೊಡ್ಡ ವ್ಯತ್ಯಾಸ ಏಟು ಬಿದ್ದಾಗ ತಿಳಿಯುತ್ತದೆ: ಮರಕ್ಕೆ ಗೀರು ಬಿದ್ದರೆ ಒಳಗೂ ಮರವೇ, ಅಚ್ಚೊತ್ತಿದ ಲ್ಯಾಮಿನೇಟ್‌ನ ಮೂಲೆ ಕಿತ್ತರೆ ಒಳಗೆ ಬೇರೆಯೇ ಬಣ್ಣ. ಹಲಗೆಯ ಮೇಲೆ ಅಂಟಿಸುವ ತೆಳು ಪದರ, ಅಂದರೆ ವೆನೀರ್, ನಕಲಿಯಲ್ಲ, ಅದು ನಿಜವಾದ ಮರವೇ. ಆದರೆ ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪ, ಮತ್ತೆ ಮತ್ತೆ ಉಜ್ಜಲು ಆಗದು. ಹಣ ಕಡಿಮೆಯಿದ್ದರೆ ನಿಜವಾದದ್ದನ್ನು ಕೈ ತಾಗುವ ನಾಲ್ಕು ಜಾಗಕ್ಕೆ ಇಟ್ಟುಕೊಂಡು ಉಳಿದ ಕಡೆ ಏನನ್ನೂ ನಟಿಸದ ಅಗ್ಗದ ಸಾಮಗ್ರಿ ಬಳಸಿ: ಬಣ್ಣ ಬಳಿದ ಗೋಡೆ, ಒಂದೇ ಬಣ್ಣದ ಟೈಲ್, ಅಂಚಿನ ಪದರ ಕಾಣುವಂತೆ ಬಿಟ್ಟ ಒಳ್ಳೆಯ ಪ್ಲೈವುಡ್. ಪ್ಲೈವುಡ್, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೊಳ್ಳುವಾಗ, ಅಂಟಿನಿಂದ ಹೊರಬರುವ ಹಾನಿಕರ ಅನಿಲವಾದ ಫಾರ್ಮಾಲ್ಡಿಹೈಡನ್ನು ಕಡಿಮೆ ಬಿಡುವ ಇ1 ಅಥವಾ ಅದಕ್ಕಿಂತ ಒಳ್ಳೆಯ ದರ್ಜೆ ಕೇಳಿ. ಒಂದು ಕೋಣೆಯಲ್ಲಿ ಕಣ್ಣಿಗೆ ಬೀಳುವ ಸಾಮಗ್ರಿ ಮೂರು, ಹೆಚ್ಚೆಂದರೆ ನಾಲ್ಕು ಸಾಕು.

ಅಡುಗೆಮನೆಯ ಕಟ್ಟೆಗೆ ನನ್ನ ಮತ ಗ್ರಾನೈಟಿಗೆ. ನಿಂಬೆ, ವಿನೆಗರ್, ಬಿಸಿ ಪಾತ್ರೆ ಎಲ್ಲವನ್ನೂ ತಡೆಯುತ್ತದೆ. ಅಮೃತಶಿಲೆ ಸುಣ್ಣದ ಜಾತಿಯ ಕಲ್ಲು, ನಿಂಬೆರಸದ ಹನಿ ಬಿದ್ದಲ್ಲಿ ಹೊಳಪು ಹೋಗಿ ಮಂಕಾಗುತ್ತದೆ. ಅದನ್ನು ಸಹಿಸುವ ಮನಸ್ಸಿದ್ದರೆ ಮಾತ್ರ ಹಾಕಿ. ಕಾರ್ಖಾನೆಯಲ್ಲಿ ಕ್ವಾರ್ಟ್ಜ್ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆಗಳಿಗೆ ಸುಲಭಕ್ಕೆ ಕಲೆ ಹಿಡಿಯದು, ಆದರೆ ಒಲೆಯಿಂದ ಇಳಿಸಿದ ಪಾತ್ರೆ ಇಟ್ಟರೆ ಅಂಟು ಸುಟ್ಟು ಗುರುತು ಉಳಿಯುತ್ತದೆ. ಅದಕ್ಕಿಂತ ಗಂಭೀರ ವಿಷಯ, ಅದನ್ನು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶ ಕೆಡಿಸುತ್ತದೆ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿದೆ. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಯಾವ ಕಲ್ಲನ್ನಾದರೂ ನಿಮ್ಮ ಮನೆಯಲ್ಲಿ ಒಣ ಕೊಯ್ಯಲು ಬಿಡಬೇಡಿ, ನೀರು ಹಾಯಿಸಿಯೇ ಕೊಯ್ಯಲಿ. ತೂಕ ನೆನಪಿರಲಿ: 20 ಮಿಲಿಮೀಟರ್ ಗ್ರಾನೈಟ್ ಚದರ ಮೀಟರಿಗೆ 54 ಕಿಲೋ ಆಸುಪಾಸು. ಸ್ಥಳದಲ್ಲೇ ಎರಕ ಹೊಯ್ದ 50 ಮಿಲಿಮೀಟರ್ ಕಾಂಕ್ರೀಟ್ ಕಟ್ಟೆ 120 ಕಿಲೋ. ಕೆಳಗಿನ ಕಪಾಟು ಅದನ್ನು ಹೊರುವಂತಿರಬೇಕು.

ಮುಗಿಸುವ ಪಾಲಿಶ್ ವಿಷಯದಲ್ಲಿ ನಾನು ಎಣ್ಣೆಯ ಪಕ್ಷ. ಮರದ ಮೇಲೆ ಪ್ಲಾಸ್ಟಿಕ್‌ನಂಥ ಪದರ ಕಟ್ಟುವ ಪಾಲಿಯುರೆಥೇನ್ ಮೊದಲ ದಿನ ಹೊಳೆಯುತ್ತದೆ, ಗೀರಿದರೆ ಇಡೀ ಹಲಗೆ ಉಜ್ಜಿ ಮತ್ತೆ ಬಳಿಯಬೇಕು. ಎಣ್ಣೆ ಹಾಕಿದ ಹಲಗೆಯಲ್ಲಿ ಸವೆದ ಜಾಗವನ್ನಷ್ಟೇ ಉಜ್ಜಿ ಮತ್ತೆ ಎಣ್ಣೆ ಒರೆಸಿದರೆ ಆಯಿತು, ಮನೆಯವರೇ ಮಾಡಬಹುದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ. ಕಪ್ಪು ಕಬ್ಬಿಣಕ್ಕೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಸಿಂಪಡಿಸಿ ಬಿಸಿಯಲ್ಲಿ ಕರಗಿಸಿ ಹಿಡಿಸುವುದು, ನೆಮ್ಮದಿಯ ದಾರಿ. ಬಣ್ಣವಿಲ್ಲದ ಬರೀ ಉಕ್ಕಿಗೆ ಮೇಣ ಬಳಿಯುವುದು ಒಳಗಿನ ಒಣ ಜಾಗಕ್ಕೆ ಸರಿ, ಬೆವರುಗೈ ದಿನವೂ ತಾಗುವ ಕಟಕಟೆಗೆ ಸಾಲದು.

ಆರ್ಡರ್ ಕೊಡುವ ಮುಂಚೆ ಬಡಗಿ ಮತ್ತು ಫ್ಯಾಬ್ರಿಕೇಟರ್ ಇಬ್ಬರನ್ನೂ ಒಟ್ಟಿಗೆ ಕರೆಸಿ, ಮೆಟ್ಟಿಲಿನ ಒಂದೇ ಒಂದು ಹಂತವನ್ನು ಪೂರ್ತಿ ಅಳತೆಯಲ್ಲಿ ಮಾಡಿಸಿ: ಕಬ್ಬಿಣ, ರಬ್ಬರ್, ಹಲಗೆ, ಸ್ಕ್ರೂ, ಪಾಲಿಶ್ ಸಮೇತ. ಅದರ ಮೇಲೆ ಹತ್ತಿ ಇಳಿಯಿರಿ, ಸದ್ದು ಕೇಳಿ. ಹಿಂದಿನ ಸಾಲಿನ ಸ್ಕ್ರೂ ಸ್ಲಾಟಿನಲ್ಲಿ ಸರಿಯುತ್ತದೆಯೇ ಎಂದು ಕೆಳಗಿನಿಂದ ನೋಡಿ. ಒಂದು ಮೂಲೆಯಲ್ಲಿ ಒದ್ದೆ ಬಟ್ಟೆ ಹಾಕಿ ರಾತ್ರಿ ಬಿಟ್ಟು ಬೆಳಗ್ಗೆ ತೆಗೆಯಿರಿ. ಕಪ್ಪು ಕಲೆ ಮೂಡಿದ್ದರೆ ಪಾಲಿಶ್ ಬದಲಿಸಿ, ಹಲಗೆಯ ತುದಿಗೆ ಇನ್ನೊಂದು ಕೋಟ್ ಕೊಡಿಸಿ ಮತ್ತೆ ಪರೀಕ್ಷಿಸಿ. ಉಳಿದ ಹಂತಗಳ ಮರ ಕೊಯ್ಯಿಸುವುದು ಅದಾದ ಮೇಲೆ.